ಶರೀಫರ ಪದಕ್ಕೆ ಡ್ರಮ್ಸ್, ಗಿಟಾರ್ ಬಂದರೆ ಪದವೇ ಕಳೆದುಹೋಗುತ್ತಾ?

ಕ್ಯಾಸೆಟ್‌ಮನೆ:
ಕಳೆದ ತಿಂಗಳು ಒಂದು ಕಾಲೇಜು ಫೆಸ್ಟ್‌ಗೆ ಹೋಗಿದ್ದೆ. ಹುಡುಗರ ಬ್ಯಾಂಡ್ ಒಂದು 'ಸೋರುತಿಹುದು ಮನೆಯ ಮಾಳಿಗಿ' ಶುರು ಮಾಡಿತು. ಮೈ ಜುಮ್ಮೆಂದಿತು. ಸಿ. ಅಶ್ವತ್ಥ್ ಅವರ ಕ್ಯಾಸೆಟ್ ಕೇಳಿಕೊಂಡೇ ಬೆಳೆದವನು ನಾನು, ಭಾನುವಾರ ಬೆಳಿಗ್ಗೆ ಅಪ್ಪ ಅದನ್ನು ಹಾಕಿದರೆ ಎರಡೂ ಸೈಡ್ ಮುಗಿಯುವವರೆಗೆ ಮನೆಯಲ್ಲಿ ಬೇರೆ ಹಾಡಿಲ್ಲ. ನಮ್ಮ ಕ್ಯಾಸೆಟ್‌ನಲ್ಲಿ ರೀಲು ಸುಕ್ಕಾಗಿ 'ಅಜ್ಞಾನದಿಂದ' ಅನ್ನುವಲ್ಲಿ ದನಿ ಒಂಚೂರು ಅಲುಗುತ್ತಿತ್ತು. ಈಗಲೂ ನನ್ನ ಕಿವಿಗೆ ಆ ಮಾತು ಹಾಗೇ ಕೇಳಿಸುತ್ತದೆ.

ಆದರೆ ಅವತ್ತು ಎರಡನೇ ಸಾಲಿಗೆ ಬರುವಷ್ಟರಲ್ಲಿ ಡ್ರಮ್ಸ್ ಅಬ್ಬರಕ್ಕೆ ಪದ ಒಂದೂ ಕಿವಿಗೆ ಬೀಳಲಿಲ್ಲ. ಪಕ್ಕದಲ್ಲಿದ್ದ ಹುಡುಗಿ 'ಇದು ಯಾವ ಭಾಷೆ?' ಅಂತ ಗೆಳತಿಯನ್ನು ಕೇಳಿದಳು, ಹಾಗೆ ಕೇಳಿದವಳೇ ಮೊದಲಿನಿಂದ ಕನ್ನಡದಲ್ಲೇ ಮಾತಾಡುತ್ತಿದ್ದಳು. ತುಂಬಾ ಬೇಜಾರಾಯಿತು.

ನನಗೆ ರಾಕ್ ಅಂದರೆ ಇಷ್ಟ. ರಘು ದೀಕ್ಷಿತ್ ಅವರ 2008ರ ಆಲ್ಬಂನಲ್ಲಿ ಇದೇ ಪದ ಇದೆ, 'ಗುಡುಗುಡಿಯ ಸೇದಿ ನೋಡೋ' ಕೂಡ ಇದೆ. ಅಲ್ಲಿ ಒಂದೊಂದು ಅಕ್ಷರವೂ ಕೇಳುತ್ತದೆ. ಹಾಗಾದರೆ ಎಡವಟ್ಟು ಎಲ್ಲಾಗುತ್ತಿದೆ? ತತ್ವಪದಕ್ಕೆ ರಾಕ್ ಹೊಂದುವುದೇ ಇಲ್ವಾ, ಇಲ್ಲಾ ನುಡಿಸುವವರದೇ ತಪ್ಪಾ?

ಬೇಸ್‌ಬಾಬು:
ಹದಿನೈದು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ, ನಾನೂ ಈ ತಪ್ಪು ಮಾಡಿದ್ದೇನೆ. ಹಾಡುವವರ ವ್ಯಂಜನಗಳು ಸ್ಪಷ್ಟವಾಗಿ ಕೇಳುವುದು ಸುಮಾರು 2ರಿಂದ 4 ಕಿಲೋಹರ್ಟ್ಸ್ ಜಾಗದಲ್ಲಿ. ಡಿಸ್ಟಾರ್ಷನ್ ಹಾಕಿ ದನಿ ಒರಟು ಮಾಡಿದ ಗಿಟಾರ್, ಡ್ರಮ್ಸ್‌ನ ಸಿಂಬಲ್ ಎರಡೂ ಅಲ್ಲೇ ಬಂದು ಕೂರುತ್ತವೆ. ಆಗ 'ಸೋ', 'ಮಾ' ಇಂಥ ಸ್ವರ ಕೇಳುತ್ತೆ, ಪದ ಕೇಳಲ್ಲ. ಸೌಂಡ್‌ನವರು ಗಿಟಾರ್‌ನ ಆ ಭಾಗ ಒಂಚೂರು ಇಳಿಸಬೇಕು. ಅದಕ್ಕಿಂತ ಮೊದಲು ಗಿಟಾರಿಸ್ಟ್ ಸಾಲಿನ ನಡುವೆ ಕೈ ತಡೆದುಕೊಳ್ಳಬೇಕು, ಸಾಲು ಮುಗಿದ ಮೇಲೆ ಬೇಕಾದಷ್ಟು ಜಾಗ ಸಿಗುತ್ತೆ. ರಘು ದೀಕ್ಷಿತ್ ಬ್ಯಾಂಡ್ ಕೇಳಿ. ಅಕೌಸ್ಟಿಕ್ ಗಿಟಾರ್, ಪಿಟೀಲು, ಅವುಗಳ ಮೇಲೆ ದನಿ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಕನ್ನಡ ಗೊತ್ತಿಲ್ಲದವರ ಮುಂದೆ ಹಾಡಿದ ಬ್ಯಾಂಡ್ ಅದು, ಆದರೂ ಅವರು ಪದ ನುಂಗಲ್ಲ.

ಏಕತಾರಿ:
ನಮ್ಮೂರು ಶಿಗ್ಗಾಂವಿ ಕಡೆ, ಶಿಶುನಾಳಕ್ಕೆ ಹತ್ತಿರ. ಸರ್, ಒಂದು ವಿಷಯ ಹೇಳಲೇಬೇಕು. ನೀವು ಹೇಳುವ ಕ್ಯಾಸೆಟ್ ಬಂದಾಗ ನಮ್ಮ ಅಜ್ಜ 'ಭಜನಿ ಪದಕ್ಕ ಇಷ್ಟ್ಯಾಕ ವಾದ್ಯ' ಅಂದಿದ್ದರಂತೆ! ಅವರು ಕೇಳಿದ್ದು ಏಕತಾರಿ, ದಮ್ಮಡಿ, ತಾಳ ಅಷ್ಟೇ. ಆಮೇಲೆ ಅವರೇ ಆ ಕ್ಯಾಸೆಟ್ ಬಿಟ್ಟಿರಲಿಲ್ಲ. ಶರೀಫರು 1889ರಲ್ಲಿ ಹೋದರು. ಅಲ್ಲಿಂದ ಇಲ್ಲಿಯವರೆಗೆ ಬಾಯಿಂದ ಬಾಯಿಗೆ ಬರುತ್ತಾ ಧಾಟಿ ಎಷ್ಟು ಸಲ ಬದಲಾಗಿದೆಯೋ, ಹಾಗಾಗಿ ಗಿಟಾರ್ ಬಂದರೆ ನನಗೆ ಚಿಂತೆಯಿಲ್ಲ.

ನನ್ನ ಚಿಂತೆ ಮಾಳಿಗೆಯದು. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆ. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯಬೇಕು. ಒಂದು ವರ್ಷ ಬಿಟ್ಟರೂ ಸೋರುತ್ತೆ, ರಾತ್ರಿಯೆಲ್ಲಾ ಕೆಳಗೆ ಕೊಡ, ಬೋಗುಣಿ ಇಡುತ್ತಾ ಓಡಾಡಬೇಕು. ಜಂತಿ ಹುಳ ತಿಂದಿದ್ದರೆ ಕತ್ತಲಲ್ಲಿ ಮೇಲೆ ಹತ್ತೋಕೂ ಧೈರ್ಯ ಬರಲ್ಲ. ಶರೀಫರು ಹೇಳಿದ್ದು ಇದನ್ನೇ. ಇದನ್ನು ಕಣ್ಣಾರೆ ಕಂಡವನು ಆ ಸಾಲು ಹಾಡಿದರೆ ದನಿಯಲ್ಲೇ ಗೊತ್ತಾಗುತ್ತೆ. ಕಾಂಕ್ರೀಟ್ ಮನೆಯಲ್ಲಿ ಬೆಳೆದ ಹುಡುಗರಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕಲ್ವಾ? ನಮ್ಮೂರ ಗುಡಿಯಲ್ಲಿ ಅಮಾವಾಸ್ಯೆ ರಾತ್ರಿ ಭಜನೆ ಇರುತ್ತೆ, ಯಾರು ಬಂದರೂ ಜಾಗ ಇದೆ.

ಅರಮನೆಮೈದಾನ:
2005ರಲ್ಲಿ ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮ ನೋಡಿದ್ದೇನೆ, 2011ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೂಡ. ಎರಡೂ ಬೆಂಗಳೂರಿನ ಅರಮನೆ ಮೈದಾನದಲ್ಲೇ. ಅಶ್ವತ್ಥ್ ಸರ್ ಕೈ ಎತ್ತಿದರೆ ಜನ ಪಲ್ಲವಿ ಎತ್ತಿಕೊಳ್ಳುತ್ತಿದ್ದರು. ಮೆಟಾಲಿಕಾದಲ್ಲಿ ಜನ ಗಿಟಾರ್ ಬಾರಿಸಿದ್ದನ್ನೂ ಬಾಯಲ್ಲಿ ಹಾಡಿದರು. ಅಬ್ಬರ ಎಷ್ಟಿದ್ದರೂ ಜನಕ್ಕೆ ಪದ ಮೊದಲೇ ಗೊತ್ತಿತ್ತು. ಈ ಹುಡುಗರು ಹಾಡುವ ಮೊದಲು ಪಲ್ಲವಿ ಒಂದನ್ನೇ ವಾದ್ಯ ಇಲ್ಲದೆ ಎರಡು ಸಲ ಜನರ ಕೈಲಿ ಹಾಡಿಸಲಿ, ಆಮೇಲೆ ಎಷ್ಟು ಬೇಕಾದರೂ ಬಾರಿಸಲಿ.

ಕ್ಯಾಸೆಟ್‌ಮನೆ:
ನಿನ್ನೆ ರಾತ್ರಿ ಅಪ್ಪನಿಗೆ ಹೆಡ್‌ಫೋನ್ ಹಾಕಿ 2008ರ ಹಾಡು ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿ, ಇನ್ನೊಂದು ಸಲ ಹಾಕು ಅಂದರು. ಏಕತಾರಿ ಅವರೇ, ಮಣ್ಣಿನ ಮಾಳಿಗೆ ನಾನು ನೋಡೇ ಇಲ್ಲ. ಮುಂದಿನ ಅಮಾವಾಸ್ಯೆಗೆ ಅಪ್ಪನನ್ನೂ ಕರೆದುಕೊಂಡು ಬರಲಾ?