ಮಗಳ ಆರನೆಯ ಹುಟ್ಟುಹಬ್ಬ: ಬಂದ ಮಕ್ಕಳಿಗೆ ರಿಟರ್ನ್ ಗಿಫ್ಟ್ ಕೊಡಲೇಬೇಕೆ?

ಪ್ರಶ್ನೆ – ಬನಶಂಕರಿಯ ತಾಯಿ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳ ಎರಡನೆಯ ಶನಿವಾರ ನಮ್ಮ ಮಗಳಿಗೆ ಆರು ವರ್ಷ ತುಂಬುತ್ತದೆ. ಬೆಂಗಳೂರಿನ ಬನಶಂಕರಿಯಲ್ಲಿ ನಮ್ಮದು ಅರವತ್ತು ಮನೆಗಳ ಅಪಾರ್ಟ್‌ಮೆಂಟು. ಕೆಳಗಿನ ಹಾಲನ್ನು ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಕೇಳಿಟ್ಟಿದ್ದೇವೆ. ಬೆಳಿಗ್ಗೆ ಎಣ್ಣೆನೀರು, ದೇವಸ್ಥಾನದಲ್ಲಿ ಅರ್ಚನೆ, ಮನೆಯಲ್ಲಿ ಶಾವಿಗೆ ಪಾಯಸ, ಹಿರಿಯರಿಂದ ಆರತಿ, ಸಂಜೆ ಮಕ್ಕಳಿಗೆ ಕೇಕು ಮತ್ತು ಪಾವ್ ಭಾಜಿ ಎನ್ನುವಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗುವುದು ರಿಟರ್ನ್ ಗಿಫ್ಟಿನ ಮಾತು ಬಂದಾಗ.

ಕಳೆದ ವರ್ಷ ಇಪ್ಪತ್ತೆಂಟು ಮಕ್ಕಳಿಗೆ ತಲಾ ನೂರಿಪ್ಪತ್ತು ರೂಪಾಯಿಯಂತೆ ಚೀಲ ತುಂಬಿ ಕೊಟ್ಟಿದ್ದೆ. ಅದರಲ್ಲಿ ಒಂದು ಶಾರ್ಪ್‌ನರ್, ಒಂದು ಕೀ ಚೈನ್, ಎರಡು ಚಾಕೊಲೇಟು ಮತ್ತು ತಿರುಗಿಸಿದರೆ ಮಿನುಗುವ ಒಂದು ಪ್ಲಾಸ್ಟಿಕ್ ಬುಗುರಿ ಇದ್ದವು. ಮಾರನೆಯ ದಿನ ಕಸ ಹಾಕಲು ಕೆಳಗೆ ಹೋದಾಗ ಒಣಕಸದ ಡ್ರಮ್ಮಿನಲ್ಲಿ ಅದೇ ಬುಗುರಿಗಳು ನಾಲ್ಕು ಬಿದ್ದಿದ್ದವು. ಒಂದು ಇನ್ನೂ ಕೆಂಪು, ನೀಲಿ, ಕೆಂಪು, ನೀಲಿ ಎಂದು ಮಿನುಗುತ್ತಲೇ ಇತ್ತು. ಅದನ್ನು ಆರಿಸೋಣವೆಂದು ಕೈಗೆತ್ತಿಕೊಂಡು ಸುತ್ತಲೂ ಗುಂಡಿ ಹುಡುಕಿದೆ. ಅದಕ್ಕೆ ಗುಂಡಿಯೇ ಇರಲಿಲ್ಲ.

ಈ ಬಾರಿ ಏನೂ ಕೊಡುವುದು ಬೇಡ ಎಂಬುದು ನಮ್ಮ ಯಜಮಾನರ ಅಭಿಪ್ರಾಯ. ಮನೆಗೆ ಬಂದ ಮಗುವನ್ನು ಬರಿಗೈಯಲ್ಲಿ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ ಎಂಬುದು ಅತ್ತೆಯವರ ಮಾತು. ಮಗಳಂತೂ ಯುನಿಕಾರ್ನ್ ಚಿತ್ರವಿರುವ ಪೌಚ್ ಸಿಗುತ್ತದೆಂದು ಮೂವರು ಗೆಳತಿಯರಿಗೆ ಆಗಲೇ ಮಾತು ಕೊಟ್ಟು ಬಂದಿದ್ದಾಳೆ. ಇದರ ನಡುವೆ ಹೋದ ತಿಂಗಳು ನಮ್ಮದೇ ಕಟ್ಟಡದ ಒಂದು ಮನೆಯವರು ಪ್ರತಿ ಮಗುವಿನ ಹೆಸರು ಕೊರೆಸಿದ ಸ್ಟೀಲ್ ಬಾಟಲಿ ಕೊಟ್ಟರು. ಅದರ ಬೆಲೆ ಎಷ್ಟಿರಬಹುದೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡು ದಿನ ಚರ್ಚೆ ನಡೆಯಿತು.

ಕರೆಯೋಲೆಯಲ್ಲಿ ‘ಉಡುಗೊರೆ ತರಬೇಡಿ’ ಎಂದು ಬರೆಯಬೇಕೆಂದಿದ್ದೇನೆ. ಹಾಗೆ ಬರೆದ ಮೇಲೂ ನಾವು ಕೊಡಬೇಕೆ? ಕೊಡುವುದಾದರೆ ನೂರು ರೂಪಾಯಿಯೊಳಗೆ, ಕಸದ ಡ್ರಮ್ಮಿಗೆ ಹೋಗದಂಥದ್ದು ಏನಿದೆ? ಜೊತೆಗೆ ಬರುವ ಪುಟ್ಟ ತಮ್ಮ ತಂಗಿಯರಿಗೆ ಏನು ಮಾಡುವುದು? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ – ಮೈಸೂರಿನ ನಿವೃತ್ತ ಶಿಕ್ಷಕಿ

ತಾಯಿ, ನಿಮ್ಮ ಅತ್ತೆಯವರ ಪಕ್ಷವನ್ನು ನಾನು ಸ್ವಲ್ಪ ವಹಿಸಿಕೊಳ್ಳುತ್ತೇನೆ. ಬಂದ ಮಕ್ಕಳ ಕೈಗೆ ಏನಾದರೂ ಕೊಟ್ಟು ಕಳುಹಿಸುವುದು ಇಂಗ್ಲಿಷ್ ಹೆಸರು ಬಂದ ಮೇಲೆ ಹುಟ್ಟಿದ ಪದ್ಧತಿಯಲ್ಲ. ನಮ್ಮ ಬಾಲ್ಯದಲ್ಲಿ ದಸರೆಯ ಒಂಬತ್ತು ದಿನವೂ ಸಂಜೆಯಾದರೆ ಸಾಕು, ನಾವು ಏಳೆಂಟು ಹುಡುಗಿಯರು ಡಬ್ಬಿ ಹಿಡಿದುಕೊಂಡು ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳುತ್ತ ಬೀದಿಯ ಮನೆಮನೆಗೂ ಹೋಗುತ್ತಿದ್ದೆವು; ಒಂದು ಹಾಡು ಹೇಳಿದರೆ ಬೊಂಬೆ ಬಾಗಿನ ಸಿಗುತ್ತಿತ್ತು. ಒಂದು ಮನೆಯಲ್ಲಿ ಕೋಡುಬಳೆ, ಇನ್ನೊಂದರಲ್ಲಿ ಕೊಬ್ಬರಿ ಮಿಠಾಯಿ, ಮತ್ತೊಂದರಲ್ಲಿ ಕಡಲೆಕಾಳಿನ ಉಸಲಿ. ಯಾರ ಮನೆಯ ಕೋಡುಬಳೆ ಗರಿಗರಿ ಎಂಬ ಚರ್ಚೆ ನಮ್ಮಲ್ಲಿಯೂ ನಡೆಯುತ್ತಿತ್ತು, ಆದರೆ ಬೆಲೆಯ ಚರ್ಚೆ ನಡೆದದ್ದು ನೆನಪಿಲ್ಲ. ಮನೆ ಮುಟ್ಟುವಷ್ಟರಲ್ಲಿ ಡಬ್ಬಿ ಖಾಲಿಯಾಗಿರುತ್ತಿದ್ದುದರಿಂದ ಕಸದ ಪ್ರಶ್ನೆಯೂ ಏಳುತ್ತಿರಲಿಲ್ಲ.

ಆದ್ದರಿಂದ ತಿನ್ನುವುದನ್ನೇ ಕೊಡಿ. ಸಂಕ್ರಾಂತಿಗೆ ಎಳ್ಳು ಬೀರುವಂತೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿದ ಕಡಲೆಬೀಜ, ಹುರಿಗಡಲೆ ಬೆರೆಸಿ ಕಾಗದದ ಪೊಟ್ಟಣ ಕಟ್ಟಿದರೆ ತಲೆಗೆ ಮೂವತ್ತು ರೂಪಾಯಿಯೂ ಆಗಲಾರದು. ಹಾಲಿನ ಬಾಗಿಲಲ್ಲಿ ನಿಮ್ಮ ಮಗಳೇ ನಿಂತು ತನ್ನ ಕೈಯಿಂದ ಕೊಡಲಿ. ದೊಡ್ಡವರು ಮೇಜಿನ ಮೇಲೆ ಚೀಲ ಸಾಲಾಗಿ ಇಟ್ಟು, ಹೆಸರಿಗೆ ಟಿಕ್ ಹಾಕಿ ಹಂಚುವುದನ್ನು ಕಂಡಾಗಲೆಲ್ಲ ನನಗೆ ಪಡಿತರದ ಅಂಗಡಿ ನೆನಪಾಗುತ್ತದೆ.

ಉತ್ತರ – ಹಾಸನದ ಕಡೆಯವನು, ಈಗ ವಿಜಯನಗರ

ನನ್ನದು ಯಜಮಾನರ ಪಕ್ಷ, ಆದರೆ ಕಾರಣ ಬೇರೆ.

ನಮ್ಮೂರಿನ ಮದುವೆಗಳಲ್ಲಿ ಚಪ್ಪರದ ಬಾಗಿಲ ಬಳಿ ಚಿಕ್ಕಪ್ಪ ಉದ್ದನೆಯ ನೋಟುಬುಕ್ಕು ಹಿಡಿದು ಕುಳಿತು ಮುಯ್ಯಿ ಬರೆದುಕೊಳ್ಳುತ್ತಿದ್ದರು: ಹೆಸರು, ಊರು, ಹನ್ನೊಂದು ರೂಪಾಯಿ, ಐವತ್ತೊಂದು ರೂಪಾಯಿ. ಆ ಮುಯ್ಯಿಯನ್ನು ಅಂದೇ ಯಾರೂ ತೀರಿಸುತ್ತಿರಲಿಲ್ಲ. ಮೂರು ವರ್ಷವೋ ಹತ್ತು ವರ್ಷವೋ ಕಳೆದು ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಪುಸ್ತಕ ತೆಗೆದು ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಇಟ್ಟು ಬರುವುದು ವಾಡಿಕೆಯಾಗಿತ್ತು. ಹಾಗೆ ಸೇರಿಸಿದ್ದರಿಂದ ಬಾಕಿ ಈಗ ಅವರ ಕಡೆಗೆ ತಿರುಗುತ್ತಿತ್ತು. ಗದ್ದೆಯ ಮುಯ್ಯಾಳಿನ ಲೆಕ್ಕವೂ ಇದೇ. ಈ ವಾರ ಅವರು ನಮ್ಮ ನಾಟಿಗೆ ಬಂದರೆ ಇನ್ನೊಂದು ವಾರ ನಾವು ಅವರ ನಾಟಿಗೆ ಹೋಗಬೇಕು. ಕೊಡುವುದಕ್ಕೂ ಹಿಂದಿರುಗಿಸುವುದಕ್ಕೂ ನಡುವೆ ಇರುವ ಕಾಲವೇ ಎರಡು ಮನೆಗಳನ್ನು ಹಿಡಿದಿಟ್ಟಿರುತ್ತಿತ್ತು. ರಿಟರ್ನ್ ಗಿಫ್ಟ್ ಆ ಕಾಲವನ್ನು ಎರಡೂವರೆ ಗಂಟೆಗೆ ಇಳಿಸಿದೆ. ಮಗು ಒಂದು ಕೈಯಿಂದ ಪೊಟ್ಟಣ ಕೊಟ್ಟು ಇನ್ನೊಂದು ಕೈಯಿಂದ ಚೀಲ ತೆಗೆದುಕೊಂಡರೆ ಲಿಫ್ಟಿನ ಬಾಗಿಲು ಮುಚ್ಚುವ ಮೊದಲೇ ಲೆಕ್ಕ ಚುಕ್ತಾ. ಬೊಂಬೆ ಬಾಗಿನ ಇದಕ್ಕೆ ಸೇರುವುದಿಲ್ಲ ಎಂದು ಮೇಲಿನ ಅಮ್ಮನವರ ಗಮನಕ್ಕೆ ತರುತ್ತೇನೆ. ಅಲ್ಲಿ ಮಗು ಬರುವಾಗ ಏನನ್ನೂ ತಂದಿರಲಿಲ್ಲ, ಒಂದು ಹಾಡಿನ ಹೊರತು.

ನನಗೆ ಇದು ತಟ್ಟಿದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮಗನ ಹುಟ್ಟುಹಬ್ಬಕ್ಕೆ ನಮ್ಮ ಮನೆಗೆಲಸಕ್ಕೆ ಬರುವವರ ಮಗನನ್ನೂ ಕರೆದಿದ್ದೆವು. ಅವನು ಹತ್ತು ರೂಪಾಯಿಯ ಪೆನ್ನೊಂದನ್ನು ದಿನಪತ್ರಿಕೆಯ ಬಣ್ಣದ ಪುಟದಲ್ಲಿ ಸುತ್ತಿ ತಂದಿದ್ದ. ಹೋಗುವಾಗ ಮುನ್ನೂರು ರೂಪಾಯಿಯ ಊಟದ ಡಬ್ಬಿ ಪಡೆದು ಹೋದ. ಮರುದಿನ ಅವನ ತಾಯಿ ಕೆಲಸಕ್ಕೆ ಬಂದಾಗ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಏನೂ ಹೇಳದೆ ಪಾತ್ರೆ ತಿಕ್ಕಲು ಹೋದರು. ಏಲಕ್ಕಿ ಬಾಳೆಯ ಬೆಲೆ ನನಗೆ ಗೊತ್ತು. ನಾವು ಕೊಟ್ಟದ್ದು ಅವರ ಮೇಲೆ ಸಾಲವಾಗಿ ಕುಳಿತಿತ್ತು.

ಆದ್ದರಿಂದ ಎರಡನ್ನೂ ಒಟ್ಟಿಗೆ ನಿಲ್ಲಿಸಿ. ಉಡುಗೊರೆ ಬೇಡವೆಂದು ಬರೆದು ನೀವು ಮಾತ್ರ ಚೀಲ ಹಂಚಿದರೆ ಏನನ್ನೂ ತರದೆ ಬಂದ ತಂದೆತಾಯಿಗೆ ಮುಜುಗರ. ಮುಂದಿನ ವರ್ಷ ನಿಮ್ಮ ಕರೆಯೋಲೆಯ ಆ ಮಾತನ್ನು ಯಾರೂ ನಂಬುವುದಿಲ್ಲ.

ಉತ್ತರ – ಮಕ್ಕಳ ವೈದ್ಯೆ

ಕೊಡುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಮಾತು ಆ ಮಿನುಗುವ ಬುಗುರಿಯ ಬಗ್ಗೆ.

ಗುಂಡಿಯಿಲ್ಲದೆ ಮಿನುಗುವ ಅಗ್ಗದ ಆಟಿಕೆಗಳಲ್ಲಿ ಸಾಮಾನ್ಯವಾಗಿ ಬಟನ್ ಬ್ಯಾಟರಿ ಇರುತ್ತದೆ, ಹಲವದರಲ್ಲಿ ಅದರ ಮುಚ್ಚಳಕ್ಕೆ ಸ್ಕ್ರೂ ಕೂಡ ಇರುವುದಿಲ್ಲ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಗಂಭೀರವಾದ ಸುಟ್ಟ ಗಾಯವಾಗಬಹುದು. ಆರು ವರ್ಷದ ಮಗುವಿಗೆಂದು ಕೊಟ್ಟದ್ದು ಮನೆಗೆ ಹೋದ ಮೇಲೆ ಒಂದೂವರೆ ವರ್ಷದ ತಮ್ಮನ ಕೈಗೆ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆರಿಸಬೇಕು. ಟಿಶ್ಯೂ ಸುರುಳಿಯ ಒಳಗಿನ ರಟ್ಟಿನ ಕೊಳವೆಯಲ್ಲಿ ತೂರುವಷ್ಟು ಚಿಕ್ಕದಾದ ಯಾವ ವಸ್ತುವನ್ನೂ ಮೂರು ವರ್ಷದೊಳಗಿನ ಮಗುವಿರುವ ಮನೆಗೆ ಕೊಡಬೇಡಿ. ಬಲೂನು ಒಡೆದರೆ ಚೂರುಗಳನ್ನು ಕೂಡಲೇ ಹೆಕ್ಕಿ. ಗಾಳಿಯಿಲ್ಲದ ರಬ್ಬರು ಗಂಟಲಿಗೆ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ.

ಮೈಸೂರಿನ ಅಮ್ಮನವರ ಕ್ಷಮೆ ಕೋರಿ ಇನ್ನೊಂದು ಮಾತು: ಇಡೀ ಕಡಲೆಬೀಜ, ಹುರಿಗಡಲೆ ನಾಲ್ಕೈದು ವರ್ಷದೊಳಗಿನವರಿಗೆ ಬೇಡ, ಅವು ಶ್ವಾಸನಾಳಕ್ಕೆ ಹೋಗುವ ಸಾಧ್ಯತೆಯಿದೆ. ಕಡಲೆಬೀಜದ ಅಲರ್ಜಿ ಇರುವ ಮಗುವಿದೆಯೇ ಎಂದು ಕರೆಯುವಾಗಲೇ ವಿಚಾರಿಸಿಕೊಳ್ಳಿ. ಕೋಡುಬಳೆಗೆ ನನ್ನ ಆಕ್ಷೇಪವಿಲ್ಲ.

ಆಟಿಕೆಯನ್ನೇ ಕೊಡುವುದಾದರೆ ಐಎಸ್ಐ ಗುರುತು ನೋಡಿ ಕೊಳ್ಳಿ. ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಅದು 2021ರ ಜನವರಿ 1ರಿಂದ ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಕರ್ಮಿಗಳು ತಯಾರಿಸಿದವಕ್ಕೆ ವಿನಾಯಿತಿ ಇರುವುದರಿಂದ ಚನ್ನಪಟ್ಟಣದ ಮರದ ಬುಗುರಿಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಹೊಳಪು ಕೊಟ್ಟ ಬುಗುರಿಗೆ ಬ್ಯಾಟರಿಯ ಹಂಗಿಲ್ಲ.

ಉತ್ತರ – ಇಬ್ಬರು ಮಕ್ಕಳ ತಂದೆ

ಕೊಡುವುದೋ ಬಿಡುವುದೋ ಎಂಬ ಜಗಳ ನಮ್ಮ ಮನೆಯಲ್ಲಿಯೂ ನಡೆದಿತ್ತು. ಒಂದು ವರ್ಷ ಪೂರ್ತಿ ನಿಲ್ಲಿಸಿ ನೋಡಿದೆವು. ದೊಡ್ಡವರಿಗೆ ಏನೂ ಅನ್ನಿಸಲಿಲ್ಲ. ಆದರೆ ನಾಲ್ಕು ವರ್ಷದ ಒಬ್ಬ ಹುಡುಗ ಚಪ್ಪಲಿ ಹಾಕಿಕೊಂಡ ಮೇಲೂ ಬಾಗಿಲಲ್ಲೇ ನಿಂತು, ನಾನು ಏನೋ ಮರೆತಿದ್ದೇನೆಂಬಂತೆ ಮುಖ ನೋಡುತ್ತಿದ್ದ. ಮುಯ್ಯಿಯ ಮಾತು ಒಪ್ಪತಕ್ಕದ್ದೇ, ಆದರೆ ಅದನ್ನು ಅವನಿಗೆ ವಿವರಿಸುವ ಧೈರ್ಯ ನನಗಾಗಲಿಲ್ಲ.

ಮರುವರ್ಷ ಬೇರೆ ದಾರಿ ಹಿಡಿದೆವು. ಪಾಟರಿ ಟೌನಿಗೆ ಹೋಗಿ ಕುಂಬಾರರಿಂದ ಅಂಗೈಯಗಲದ ಮಣ್ಣಿನ ಕುಡಿಕೆಗಳನ್ನು ತಂದೆವು. ಮಕ್ಕಳು ಬಂದ ಕೂಡಲೇ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಕೂರಿಸಿ, ಪೋಸ್ಟರ್ ಬಣ್ಣ ಮತ್ತು ಬ್ರಷ್ ಕೊಟ್ಟು ಕುಡಿಕೆಗೆ ಬಣ್ಣ ಹಚ್ಚಲು ಹೇಳಿದೆವು. ಆಟ, ಕೇಕು, ತಿಂಡಿ ಮುಗಿಯುವ ಹೊತ್ತಿಗೆ ಬಣ್ಣ ಒಣಗಿತ್ತು. ಆಮೇಲೆ ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ, ಹಿಂದಿನ ರಾತ್ರಿ ನೆನೆಹಾಕಿದ್ದ ಮೆಂತ್ಯವನ್ನು ಪ್ರತಿಯೊಬ್ಬರೂ ಒಂದೊಂದು ಚಿಟಿಕೆ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹರಡಿ ನೀರು ಚಿಮುಕಿಸಿದರು. ಅದೇ ರಿಟರ್ನ್ ಗಿಫ್ಟು. ಕುಡಿಕೆ, ಬಣ್ಣ, ಮಣ್ಣು ಎಲ್ಲವೂ ಸೇರಿ ತಲೆಗೆ ಐವತ್ತು ರೂಪಾಯಿ ದಾಟಲಿಲ್ಲ. ಮುಕ್ಕಾಲು ಗಂಟೆ ಹಾಲಿನಲ್ಲಿ ಸದ್ದೇ ಇರಲಿಲ್ಲವಾದ್ದರಿಂದ ಆಟ ಆಡಿಸಲು ಮೈಕು ಹಿಡಿಯುವವರ ಖರ್ಚೂ ಉಳಿಯಿತು. ಮೆಂತ್ಯವನ್ನು ಆರಿಸಿದ್ದಕ್ಕೆ ಕಾರಣವಿದೆ: ಮೂರ್ನಾಲ್ಕು ದಿನದಲ್ಲಿ ಮೊಳಕೆ ಮೇಲೆ ಬರುತ್ತದೆ, ಅದಕ್ಕಿಂತ ಹೆಚ್ಚು ಕಾಯುವ ತಾಳ್ಮೆ ಆ ವಯಸ್ಸಿಗಿಲ್ಲ.

ನಮ್ಮಿಂದ ಆದ ತಪ್ಪುಗಳನ್ನೂ ಹೇಳಬೇಕು. ಕುಡಿಕೆಯ ತಳದಲ್ಲಿ ತೂತಿರಲಿಲ್ಲ. ಮಕ್ಕಳು ಪ್ರೀತಿಯಿಂದ ದಿನಕ್ಕೆ ಆರು ಸಲ ನೀರು ಹಾಕಿದ್ದರಿಂದ ಕೆಲವು ಮನೆಗಳಲ್ಲಿ ಬೀಜ ಕೊಳೆತು ವಾಸನೆ ಬಂತು. ಸುಡುವ ಮೊದಲೇ ತೂತು ಮಾಡಿಸಲು ಎರಡು ವಾರ ಮುಂಚೆ ಕುಂಬಾರರಿಗೆ ಹೇಳಿ, ಆಗದಿದ್ದರೆ ತಳಕ್ಕೆ ದಪ್ಪ ಜಲ್ಲಿ ಹಾಕಿ. ಎರಡನೆಯದಾಗಿ, ಬಣ್ಣ ಹಚ್ಚುವ ಮುನ್ನ ತಳದಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆಸಿ. ಬರೆಸದೆ ನಾವು ಎರಡು ನೀಲಿ ಕುಡಿಕೆಗಳಿಗಾಗಿ ಹತ್ತು ನಿಮಿಷ ಪಂಚಾಯಿತಿ ನಡೆಸಬೇಕಾಯಿತು.

ತೀರಾ ಪುಟ್ಟವರಿಗೆ ಕುಡಿಕೆ ಬೇಡ, ಎಸೆದು ಒಡೆಯುತ್ತಾರೆ. ಅವರಿಗಾಗಿ ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕಗಳು ಕನ್ನಡದಲ್ಲಿಯೇ ಕಡಿಮೆ ಬೆಲೆಗೆ ಸಿಗುತ್ತವೆ. ನಾಲ್ಕೈದು ಪ್ರತಿ ಹೆಚ್ಚಿಗೆ ತಂದಿಟ್ಟುಕೊಳ್ಳಿ, ಕರೆಯದೆ ಬರುವ ತಮ್ಮ ತಂಗಿಯರು ಪ್ರತಿ ವರ್ಷವೂ ಇರುತ್ತಾರೆ.

ಉತ್ತರ – ಅಪಾರ್ಟ್‌ಮೆಂಟ್ ಸಂಘದ ಮಾಜಿ ಕಾರ್ಯದರ್ಶಿ

ಹಾಲಿನ ಅಲಂಕಾರವನ್ನು ಯಾರಿಗಾದರೂ ಒಪ್ಪಿಸಿದ್ದರೆ ಮೊದಲೇ ಹೇಳಿಬಿಡಿ: ಅಲಂಕಾರದ ಥರ್ಮೊಕೋಲ್, ಬಲೂನಿಗೆ ಚುಚ್ಚುವ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಮತ್ತು ಚಮಚ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ, ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧವಿದೆ. ಅಡಿಕೆ ಹಾಳೆಯ ತಟ್ಟೆ ತರಿಸಿ, ಪಾವ್ ಭಾಜಿಯ ಬಿಸಿಗೂ ತಡೆಯುತ್ತದೆ. ಸಂಘದ ಮಾತು ಇಷ್ಟೇ. ಉಳಿದದ್ದು ನಿಮ್ಮ ಮನೆಯ ವಿಚಾರ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಈ ಉತ್ತರಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಬಾಳೆಹಣ್ಣಿನ ಪ್ರಸಂಗ ಬಂದಾಗ ಅತ್ತೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಮಗು ತಾನೇ ಮಾಡಿಕೊಂಡ ಕುಡಿಕೆಯನ್ನು ಯಾರೂ ಸಾಲವೆಂದು ತಿಳಿಯುವುದಿಲ್ಲ, ಅದು ಬರಿಗೈಯೂ ಅಲ್ಲ ಎಂದರು. ಬಟನ್ ಬ್ಯಾಟರಿಯ ವಿಷಯ ಓದಿದ ಮೇಲೆ ಮನೆಯಲ್ಲಿ ಉಳಿದಿದ್ದ ಆ ಬುಗುರಿಗಳೆರಡನ್ನು ಯಜಮಾನರು ಇ-ತ್ಯಾಜ್ಯಕ್ಕೆಂದು ಪ್ರತ್ಯೇಕವಾಗಿ ಎತ್ತಿಟ್ಟಿದ್ದಾರೆ.

ಕರೆಯೋಲೆಯಲ್ಲಿ ‘ನಿಮ್ಮ ಮಗುವನ್ನು ಮಾತ್ರ ಕಳುಹಿಸಿ, ಉಡುಗೊರೆ ಬೇಡ, ಬಣ್ಣ ತಾಗಿದರೂ ಪರವಾಗಿಲ್ಲ ಎನ್ನುವಂಥ ಬಟ್ಟೆ ಹಾಕಿರಲಿ’ ಎಂದು ಬರೆದಿದ್ದೇವೆ. ಕೋಡುಬಳೆ ಕರಿಯುವ ಹೊಣೆಯನ್ನು ಅತ್ತೆಯವರು ವಹಿಸಿಕೊಂಡಿದ್ದಾರೆ, ಅದು ತಟ್ಟೆಗೇ ಹೊರತು ಪೊಟ್ಟಣಕ್ಕಲ್ಲ. ಯುನಿಕಾರ್ನ್ ಪೌಚಿನ ವಿಷಯದಲ್ಲಿ ಮಗಳು ಒಂದೇ ಷರತ್ತು ಹಾಕಿದ್ದಾಳೆ: ಬೇಕೆಂದವರು ಕುಡಿಕೆಯ ಮೇಲೆ ಯುನಿಕಾರ್ನ್ ಬಿಡಿಸಬಹುದು, ತನ್ನ ಕುಡಿಕೆಯ ಮೇಲಂತೂ ಅದೇ ಇರಬೇಕು.

ಕುಡಿಕೆ ಮೂವತ್ತೆರಡು ಎಂದು ಲೆಕ್ಕ ಹಾಕಿದ್ದೇನೆ. ಮೆಂತ್ಯ ಎಷ್ಟು ಬೇಕಾಗಬಹುದು?

ಉತ್ತರ – ಇಬ್ಬರು ಮಕ್ಕಳ ತಂದೆ

ಕಾಲು ಕಿಲೋ ಸಾಕು, ಮಿಕ್ಕರೆ ದೋಸೆಯ ಅಕ್ಕಿಗೆ ಹಾಕಿ. ಶುಕ್ರವಾರ ರಾತ್ರಿ ನೆನೆಹಾಕುವುದನ್ನು ಮಾತ್ರ ಮರೆಯಬೇಡಿ, ಮತ್ತು ಕುಡಿಕೆ ಮೂವತ್ತಾರು ತನ್ನಿ. ದಾರಿಯಲ್ಲಿ ಎರಡಾದರೂ ಒಡೆಯುತ್ತವೆ.