ಸಹಾಯ ಬೇಕು: ಮಗ ಮೊಸರನ್ನ ಬಿಟ್ಟು ಏನೂ ತಿಂತಿಲ್ಲ

ಎಲ್ರಿಗೂ ನಮಸ್ತೆ. ಮಗನಿಗೆ 2 ವರ್ಷ 4 ತಿಂಗಳು. ಮೊದಲು ರಾಗಿ ಸರಿ, ಬೇಳೆಕಟ್ಟು ಅನ್ನ ಎಲ್ಲ ತಿಂತಿದ್ದ, ಈಗ ಎರಡು ತಿಂಗಳಿಂದ ಮೊಸರನ್ನ ಬಿಟ್ರೆ ಬೇರೆ ಏನು ಬಾಯಿಗಿಟ್ರೂ ಕೆನ್ನೆಯೊಳಗೆ ಇಟ್ಕೊಂಡು ಅರ್ಧ ಗಂಟೆ ಹಾಗೇ ಕೂತಿರ್ತಾನೆ, ಆಮೇಲೆ ನನ್ನ ಕೈಗೇ ಉಗೀತಾನೆ. ಮೊಸರನ್ನದಲ್ಲೂ ಒಂದು ಸಾಸಿವೆ ಕಾಳು ಕಂಡ್ರೆ ಬೆರಳಲ್ಲಿ ಎತ್ತಿ ತೋರಿಸಿ ತಟ್ಟೆ ತಳ್ತಾನೆ. ದೋಸೆ ಹಿಟ್ಟಿಗೆ ಬೀಟ್ರೂಟ್ ರುಬ್ಬಿ ಹಾಕಿದೆ, ನಮ್ಮ ಜೊತೆ ಕೂರಿಸಿ ಮುದ್ದೆ ಮುರಿದು ಕೊಟ್ಟೆ, ಆಗ್ಲಿಲ್ಲ. ಮೊಬೈಲ್ ಹಾಕಿದ್ರೆ ನುಂಗ್ತಾನೆ, ಆದ್ರೆ ಆ ಅಭ್ಯಾಸ ನಂಗೆ ಬೇಡವೇ ಬೇಡ.

ಡಾಕ್ಟರ್ ತೂಕ ನೋಡಿ ಸರಿ ಇದೆ ಅಂದ್ರು, ಹಾಲು ಜಾಸ್ತಿ ಆಗಿ ಹಸಿವಾಗ್ತಿಲ್ಲ, ಹಾಲಲ್ಲಿ ಕಬ್ಬಿಣದ ಅಂಶ ತುಂಬ ಕಮ್ಮಿ, ದಿನಕ್ಕೆ ಅರ್ಧ ಲೀಟರ್ ಒಳಗೆ ಇಳಿಸಿ ಅಂದ್ರು. ಈಗ ಮುಕ್ಕಾಲು ಲೀಟರ್ ಕುಡೀತಾನೆ, ಅದೂ ಬಾಟಲಲ್ಲಿ. ಸಮಸ್ಯೆ ರಾತ್ರಿದು. ಊಟ ಬೇಡ ಅಂತ ಹಠ ಮಾಡಿ ಹತ್ತು ಗಂಟೆಗೆ ಹಾಲಿಗೆ ಅಳ್ತಾನೆ, ನಮ್ಮತ್ತೆ ಮಗು ಹಸ್ಕೊಂಡು ಮಲಗಬಾರ್ದು ಅಂತಾರೆ, ನನಗೂ ಕರುಳು ಚುರ್ ಅನ್ನತ್ತೆ, ಕೊಟ್ಬಿಡ್ತೀನಿ.

ಇದನ್ನ ದಾಟಿ ಬಂದಿರೋ ಅಮ್ಮಂದಿರು ಹೇಳಿ, ರಾತ್ರಿ ಹಾಲನ್ನ ಒಂದೇ ಸಲ ನಿಲ್ಲಿಸಿದ್ರಾ ಇಲ್ಲ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿದ್ರಾ? ಊಟ ಮಾಡದೇ ಅತ್ತಾಗ ಏನು ಕೊಟ್ರಿ?