ಬಾಗಿಲ ಹತ್ರ ಕೂತು ಕೂಗೋ ಬೆಕ್ಕನ್ನ ಹೊರಗೆ ಬಿಡೋದಾ?

ನಮಸ್ಕಾರ. ಬೆಂಗಳೂರಲ್ಲಿ ಮೂರನೇ ಮಹಡಿ ಮನೆ. ಹೆಣ್ಣು ಬೆಕ್ಕಿಗೆ ಏಳು ತಿಂಗಳು, ಇದುವರೆಗೂ ಹೊರಗೆ ಬಿಟ್ಟಿಲ್ಲ. ನಾಲ್ಕು ದಿನದಿಂದ ರಾತ್ರಿಯೆಲ್ಲ ಬಾಗಿಲ ಸಂದಿಗೆ ಮೂಗಿಟ್ಟು ಕೂಗುತ್ತೆ, ನೆಲದ ಮೇಲೆ ಹೊರಳಾಡುತ್ತೆ. ಅತ್ತೆಯವರು “ಬೆಕ್ಕನ್ನ ಕೂಡಿಹಾಕೋದು ಪಾಪ, ಬಿಡಮ್ಮಾ” ಅಂತಾರೆ. ಸಾಕಿದ ಅನುಭವ ಇರೋರು ಹೇಳಿ.

*

ಈ ವಾರ ಮಾತ್ರ ದಯವಿಟ್ಟು ಬಾಗಿಲು ತೆಗೀಬೇಡಿ. ಆ ಕೂಗು, ಹೊರಳಾಟ ನೋಡಿದ್ರೆ ಬೆದೆಗೆ ಬಂದಿದೆ. ಈಗ ಬಿಟ್ರೆ ಎರಡು ತಿಂಗಳಿಗೆ ಮನೇಲಿ ಮರಿ (ಗರ್ಭದ ಅವಧಿ ಸುಮಾರು 63ರಿಂದ 65 ದಿನ), ಆ ಮರಿಗಳು ಹಾಲು ಕುಡೀತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಮೊದಲು ಡಾಕ್ಟರಿಗೆ ಫೋನ್ ಮಾಡಿ, ಮರಿ ಆಗದ ಹಾಗೆ ಮಾಡೋ ಆಪರೇಷನ್‌ಗೆ ದಿನ ಕೇಳಿ. ಬೆದೆಯಲ್ಲಿದ್ದಾಗ ರಕ್ತ ಹೆಚ್ಚು ಹೋಗೋ ಸಾಧ್ಯತೆ ಇರೋದ್ರಿಂದ ಕೆಲವರು ಅದು ಇಳಿಯೋವರೆಗೆ ಕಾಯಿರಿ ಅಂತಾರೆ, ಕಾಯಿರಿ. ನಮ್ಮವಳಿಗೆ ಮಾಡಿಸಿದ ಮೇಲೆ ಈ ಕೂಗು ಮತ್ತೆ ಕೇಳೇ ಇಲ್ಲ.

ಬಾಲ್ಕನಿ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಬೆಕ್ಕು ಎಲ್ಲಿಂದ ಬಿದ್ರೂ ಕಾಲೂರುತ್ತೆ ಅಂತ ನಂಬ್ಕೊಂಡಿದ್ದೆ. ನಮ್ಮ ಕರಿಯ ಪಾರಿವಾಳ ಕಂಡು ಹಾರಿದ. ಕಾಲೂರಿದ್ದೇನೋ ನಿಜ, ಆದ್ರೆ ಆ ರಭಸಕ್ಕೆ ಗದ್ದ ಸಿಮೆಂಟಿಗೆ ಬಡಿದು ದವಡೆ ಮುರೀತು. ಓಡಿ ಕೆಳಗೆ ಹೋದಾಗ ಸ್ಕೂಟರ್ ಅಡಿ ಕೂತು ಬಾಯಿಂದ ರಕ್ತ ಸುರಿಸ್ತಾ ನನ್ನನ್ನೇ ನೋಡ್ತಿದ್ದ. ಮೂರು ವಾರ ಬೇಯಿಸಿದ ಕೋಳಿ ಮಾಂಸ ಮಿಕ್ಸಿಗೆ ಹಾಕಿ ಸಿರಿಂಜಲ್ಲಿ ಕುಡಿಸಿದ್ವಿ. ಆಮೇಲೆ ಬಾಲ್ಕನಿಗೆ, ಕಿಟಕಿಗೆಲ್ಲ ಸ್ಟೀಲ್ ಜಾಲರಿ ಹಾಕಿಸಿದ್ದೀನಿ. ಈಗ ಬೆಳಗಿನ ಬಿಸಿಲಿಗೆ ಅಲ್ಲೇ ಮಲಗ್ತಾನೆ. ರಾತ್ರಿ ಊಟಕ್ಕೆ ಮುಂಚೆ ದಾರಕ್ಕೆ ಗರಿ ಕಟ್ಟಿ ಹತ್ತು ನಿಮಿಷ ಓಡಿಸ್ತೀನಿ. ಅಷ್ಟು ಆಡಿ ಉಂಡ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ. ಆಡಿಸಿದ ಮೇಲೆ ದಾರ ಎತ್ತಿಡಿ, ನುಂಗಿದ್ರೆ ಕರುಳಿಗೆ ಸುತ್ಕೊಳ್ಳುತ್ತೆ.

*

ನಮ್ಮದು ತೀರ್ಥಹಳ್ಳಿ ಕಡೆ ಹಂಚಿನ ಮನೆ. ಹಗಲು ಬೆಕ್ಕನ್ನ ಒಳಗಿಡೋದು ಆಗದ ಮಾತು, ಮಾಡಿನ ಸಂದಿಯೇ ಅದಕ್ಕೆ ದಾರಿ. ಭತ್ತ, ಅಡಿಕೆ ಇರೋ ಮನೆಗೆ ಬೆಕ್ಕು ಬೇಕೂ ಬೇಕು. ಆದ್ರೆ ಅತ್ತೆಯವರಿಗೆ ಇದನ್ನೂ ಹೇಳಿ: ಹೋದ ಮಳೆಗಾಲ ಯಾರೋ ಇಲಿ ಪಾಷಾಣ ಇಟ್ಟಿದ್ರು. ವಿಷ ತಿಂದ ಇಲಿಯನ್ನೇ ಹಿಡಿದು ತಿಂತೋ ಏನೋ, ನಮ್ಮ ಕೆಂಚಿ ಬಚ್ಚಲೊಲೆ ಪಕ್ಕದ ಬೆಚ್ಚಗಿನ ಬೂದಿಯ ಮೇಲೆ ಮಲಗಿದ್ದು ಏಳಲೇ ಇಲ್ಲ. ಈಗಿರೋ ಎರಡನ್ನೂ ಸಂಜೆ ಮೀನಿನ ತಲೆ ತೋರಿಸಿ ಕರೆದು, ಹಲಗೆಯ ಮುಚ್ಚಿಗೆ ಇರೋ ಕೋಣೆಗೆ ಹಾಕ್ತೀವಿ. ರಾತ್ರಿ ನಾಯಿ, ಚಿರತೆ ಭಯ ಇಲ್ಲ. ರೇಬೀಸ್ ಚುಚ್ಚುಮದ್ದು ವರ್ಷ ವರ್ಷ ತಪ್ಪಿಸಲ್ಲ.

*

ನಾವು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದೀವಿ. ಇಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕನ್ನ ಮನೆ ಆವರಣ ಬಿಟ್ಟು ಅಲೆಯೋಕೆ ಬಿಡೋ ಹಾಗಿಲ್ಲ, ಕಾನೂನೇ ಇದೆ. ಬೆಕ್ಕುಗಳು ಇಲ್ಲಿನ ಹಕ್ಕಿ, ಸಣ್ಣ ಪ್ರಾಣಿಗಳನ್ನ ಅಷ್ಟು ಕೊಲ್ತವೆ. ಹಿತ್ತಲಲ್ಲಿ ಜಾಲರಿಯ ಗೂಡು ಕಟ್ಟಿದ್ದೀವಿ, ಕಿಟಕಿಯಿಂದ ನೇರ ಅದರೊಳಕ್ಕೆ ಹೋಗುತ್ತೆ.

*

ಎಲ್ಲರಿಗೂ ಧನ್ಯವಾದ. ಸೋಮವಾರ ಬನ್ನಿ ಅಂದಿದ್ದಾರೆ ಡಾಕ್ಟರು. ಕರಿಯನ ಕಥೆ ಓದಿ ಅತ್ತೆಯವರೇ ಹೋಗಿ ಬಾಲ್ಕನಿ ಬಾಗಿಲು ಹಾಕಿ ಬಂದ್ರು. ನಮ್ಮಲ್ಲಿ ಪಾರಿವಾಳಕ್ಕೆ ಅಂತ ಹಾಕಿಸಿದ ನೈಲಾನ್ ಬಲೆ ಇದೆ, ಅದು ಸಾಕಾ?

*

ಸಾಲಲ್ಲ ಅಕ್ಕಾ. ನಮ್ಮವಳು ಮೂಲೇಲಿ ಕೂತು ಒಂದೊಂದೇ ಎಳೆ ಕಡಿದು ತಲೆ ತೂರೋಷ್ಟು ತೂತು ಮಾಡಿದ್ಲು. ಬಲೆಯ ಕೆಳಗಿನ ಅಂಚನ್ನ ಇವತ್ತೇ ಕೈಯಾಡಿಸಿ ನೋಡಿ.